ಕೊಲೆ ಒಂದು, ಠಾಣೆ ನಾಲ್ಕು: ತನಿಖೆಯ ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಇವತ್ತಿನ ಮಾತುಕತೆಯ ವಿಷಯ ಸ್ವಲ್ಪ ಗಂಭೀರವಾದ್ದು. ಒಬ್ಬ ಮನುಷ್ಯ ಒಂದು ಕಡೆ ಕಾಣೆಯಾಗ್ತಾನೆ, ಇನ್ನೊಂದು ಕಡೆ ಕೊಲೆಯಾಗ್ತಾನೆ, ಹೆಣ ಮೂರನೇ ಕಡೆ ಸಿಗುತ್ತೆ. ಕೊಂದವರು ನಾಲ್ಕನೇ ಊರಿನವರು. ಹಾಗಾದ್ರೆ ಈ ಕೇಸ್ ಯಾವ ಪೊಲೀಸರದು? ಕೇಳೋಕೆ ಇದು ಕಚೇರಿಯೊಳಗಿನ ಸಣ್ಣ ತಕರಾರಿನ ಹಾಗೆ ಕಾಣಿಸುತ್ತೆ. ಆದ್ರೆ ಈ ತಕರಾರು ಮುಗಿಯೋದ್ರೊಳಗೆ ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತೆ, ಸಾಕ್ಷಿ ಊರು ಬಿಟ್ಟಿರ್ತಾನೆ, ರಕ್ತದ ಕಲೆ ಮಳೆಗೆ ತೊಳೆದುಹೋಗಿರುತ್ತೆ. ಎಷ್ಟೋ ಕೊಲೆಗಳು ಪತ್ತೆಯಾಗದೆ ಉಳಿಯೋದು ಇಲ್ಲೇ.

ಇದನ್ನ ಮುಂಬೈಯ ಕಾಂದಿವಲಿಯಿಂದ ಶುರು ಮಾಡೋಣ. ಅಲ್ಲಿಂದ ಥಾಣೆಗೆ, ಆಮೇಲೆ ನಮ್ಮ ಧಾರವಾಡಕ್ಕೆ ಬರೋಣ.

ಕಾಂದಿವಲಿ ಎಂಬ ಪಾಠ

ಪಶ್ಚಿಮ ರೈಲ್ವೆ ಮಾರ್ಗದಲ್ಲಿ ಮಲಾಡ್ ದಾಟಿದ ಮೇಲೆ, ಬೋರಿವಲಿಗೆ ಮುಂಚೆ ಸಿಗೋದು ಕಾಂದಿವಲಿ. ಹಳಿ ಈ ಬಡಾವಣೆಯನ್ನ ಎರಡಾಗಿ ಸೀಳುತ್ತೆ. ಪಶ್ಚಿಮಕ್ಕೆ ಕಾಂದಿವಲಿ ಠಾಣೆ, ಚಾರ್‌ಕೋಪ್ ಠಾಣೆ. ಪೂರ್ವಕ್ಕೆ ಸಮತಾನಗರ ಠಾಣೆ. ಪ್ಲಾಟ್‌ಫಾರ್ಮ್ ಮತ್ತು ಹಳಿಯ ಮೇಲೆ ಏನೇ ಆದ್ರೂ ಅದು ರೈಲ್ವೆ ಪೊಲೀಸರದು. ಇನ್ನೂ ಉತ್ತರಕ್ಕೆ ಹೋಗಿ ದಹಿಸರ್ ದಾಟಿದ್ರೆ ಮುಂಬೈ ಪೊಲೀಸ್ ಕಮಿಷನರ ವ್ಯಾಪ್ತಿಯೇ ಮುಗೀತು. 2020ರಿಂದ ಅಲ್ಲಿ ಮೀರಾ-ಭಾಯಂದರ್, ವಸಾಯಿ-ವಿರಾರ್‌ಗೆ ಬೇರೆಯೇ ಕಮಿಷನರೇಟ್. ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆ ನಿಂತು ಹೋದ್ರೆ ಮೂರು ನಮೂನೆಯ ಪೊಲೀಸರ ಸರಹದ್ದು ದಾಟಿರ್ತೀರಿ. ನಮಗೆ ಗೆರೆ ಕಾಣೋಲ್ಲ, ಎಫ್‌ಐಆರ್ ಪುಸ್ತಕಕ್ಕೆ ಕಾಣುತ್ತೆ.

2015ರ ಡಿಸೆಂಬರ್ 12ರಂದು ಕಾಂದಿವಲಿ ಪಶ್ಚಿಮದ ಒಂದು ನಾಲಾದಲ್ಲಿ, ಅಂದ್ರೆ ದೊಡ್ಡ ಚರಂಡಿಯಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿದ್ದ ಎರಡು ಶವ ಸಿಕ್ಕವು. ಒಂದು ಕಲಾವಿದೆ ಹೇಮಾ ಉಪಾಧ್ಯಾಯ ಅವರದು, ಇನ್ನೊಂದು ಅವರ ವಕೀಲ ಹರೀಶ್ ಭಂಭಾನಿ ಅವರದು. ಇಬ್ಬರೂ ಹಿಂದಿನ ದಿನ ಕಾಣೆಯಾಗಿದ್ದರು. ಹೇಮಾ ಕಾಣೆಯಾದ ದೂರು ಸಾಂತಾಕ್ರೂಜ್ ಠಾಣೆಗೆ, ಭಂಭಾನಿ ಕಾಣೆಯಾದ ದೂರು ಮಾಟುಂಗಾ ಠಾಣೆಗೆ ಹೋಗಿತ್ತು. ಎರಡು ಹೆಣ, ಮೂರು ಠಾಣೆ.

ಇಲ್ಲಿ ಗೊಂದಲ ಬೇಗ ಬಗೆಹರಿಯಿತು. ಶವ ಸಿಕ್ಕಿದ್ದು ಕಾಂದಿವಲಿಯಲ್ಲಿ. ಕೊಲೆ ನಡೆದದ್ದೂ ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಅನ್ನೋದು ತನಿಖೆಯಲ್ಲಿ ಬಂತು. ಹಾಗಾಗಿ ಕಾಂದಿವಲಿ ಪೊಲೀಸರು ಮುಂದೆ ನಿಂತರು. 2023ರ ಅಕ್ಟೋಬರ್‌ನಲ್ಲಿ ದಿಂಡೋಶಿ ಸೆಷನ್ಸ್ ಕೋರ್ಟ್ ಹೇಮಾ ಅವರ ಮಾಜಿ ಪತಿ ಚಿಂತನ್ ಉಪಾಧ್ಯಾಯ ಸೇರಿ ನಾಲ್ವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಖ್ಯ ಆರೋಪಿ ಅಂತ ಪೊಲೀಸರು ಹೇಳಿದ ವ್ಯಕ್ತಿ ತೀರ್ಪಿನ ದಿನಕ್ಕೂ ಸಿಕ್ಕಿರಲಿಲ್ಲ.

ಇಲ್ಲಿ ಕೆಲಸ ಸುಲಭವಾಗಿದ್ದಕ್ಕೆ ಒಂದು ಕಾರಣ ಇದೆ. ಮೂರೂ ಠಾಣೆಗಳ ಮೇಲೆ ಒಬ್ಬರೇ ಕಮಿಷನರ್. ಜಗಳ ಬಂದರೂ ತೀರಿಸೋಕೆ ಮನೆಯಲ್ಲೇ ಯಜಮಾನರಿದ್ದರು.

ಯಾರೂ ಕೈಹಚ್ಚದಿದ್ದರೆ ಏನಾಗುತ್ತೆ

ಈಗ ಇದಕ್ಕೆ ತದ್ವಿರುದ್ಧದ ಉದಾಹರಣೆ. 2012ರ ಮೇ ತಿಂಗಳಲ್ಲಿ ರಾಯಗಡ ಜಿಲ್ಲೆಯ ಪೇಣ್ ಹತ್ತಿರದ ಕಾಡಲ್ಲಿ ಒಂದು ಸುಟ್ಟ ಶವ ಸಿಕ್ಕಿತು. ಪೊಲೀಸರು ಬಂದರು, ಮೂಳೆಯ ಮಾದರಿ ತೆಗೆದು ಮುಂಬೈಯ ಜೆ.ಜೆ. ಆಸ್ಪತ್ರೆಗೆ ಕಳಿಸಿದರು. ಆದ್ರೆ ಎಫ್‌ಐಆರ್ ದಾಖಲಾಗಲಿಲ್ಲ, ಆಕಸ್ಮಿಕ ಸಾವು ಅನ್ನೋ ವರದಿಯೂ ದಾಖಲಾಗಲಿಲ್ಲ. ನಮ್ಮ ಕರ್ನಾಟಕದಲ್ಲಿ ಯುಡಿಆರ್ ಅಂತೀವಲ್ಲ, ಮಹಾರಾಷ್ಟ್ರದಲ್ಲಿ ಎಡಿಆರ್ ಅಂತಾರೆ, ಅದೂ ಇಲ್ಲ. ಕಾಗದದಲ್ಲಿ ಆ ಸಾವು ನಡೆದೇ ಇರಲಿಲ್ಲ.

ಮೂರು ವರ್ಷ ಕಳೆಯಿತು. 2015ರ ಆಗಸ್ಟ್‌ನಲ್ಲಿ ಮುಂಬೈಯ ಖಾರ್ ಪೊಲೀಸರು ಅಕ್ರಮ ಪಿಸ್ತೂಲಿನ ಕೇಸಿನಲ್ಲಿ ಒಬ್ಬ ಡ್ರೈವರನ್ನ ಹಿಡಿದರು. ಅವನ ಬಾಯಿಂದ ಬಂದ ಮಾತಿನ ಜಾಡು ಹಿಡಿದು ಹೋದಾಗ ಪೇಣ್‌ನ ಆ ಶವದ ವಿಷಯ ಹೊರಬಂತು. ಅದೇ ಶೀನಾ ಬೋರಾ ಪ್ರಕರಣ. ಆಮೇಲೆ ಸಿಬಿಐಗೆ ಹೋಯಿತು. ಯಾರು ಅಪರಾಧಿ ಅನ್ನೋದು ಕೋರ್ಟ್ ಹೇಳಬೇಕಾದ್ದು, ನಮ್ಮ ವಿಷಯ ಅದಲ್ಲ. ಶವ ಸಿಕ್ಕ ಜಾಗದ ಪೊಲೀಸರು ಅವತ್ತೇ ಒಂದು ಕ್ರಮಸಂಖ್ಯೆ ಕೊಟ್ಟು ಕಡತ ತೆರೆದಿದ್ರೆ, ಮೂರು ವರ್ಷದ ಹಿಂದಿನ ಫೋನ್ ದಾಖಲೆ, ಟೋಲ್ ದಾಖಲೆ, ಸಾಕ್ಷಿಗಳ ನೆನಪು, ಎಲ್ಲವೂ ಬಿಸಿಯಾಗಿದ್ದಾಗಲೇ ಸಿಗುತ್ತಿತ್ತು.

ಅದಕ್ಕೇ ಮೊದಲನೇ ಸೂತ್ರ: ಹೆಣ ಸಿಕ್ಕ ಠಾಣೆಗೆ "ಇದು ನಮ್ಮದಲ್ಲ" ಅನ್ನೋ ಆಯ್ಕೆಯೇ ಇರಬಾರದು.

ಕಾನೂನು ಏನು ಹೇಳುತ್ತೆ

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್ ಸಂಖ್ಯೆ ಬದಲಾಗಿದೆ, ಈ ವಿಷಯದಲ್ಲಿ ತಿರುಳು ಹೆಚ್ಚುಕಡಿಮೆ ಅದೇ.

ಸೆಕ್ಷನ್ 197 ಹೇಳೋದು ಸಾಮಾನ್ಯ ನಿಯಮ: ಅಪರಾಧ ಎಲ್ಲಿ ನಡೆಯಿತೋ ಆ ಊರಿನ ಕೋರ್ಟಿನಲ್ಲಿ ವಿಚಾರಣೆ. ಸೆಕ್ಷನ್ 198: ಎಲ್ಲಿ ನಡೆಯಿತು ಅನ್ನೋದೇ ಅನುಮಾನ ಆಗಿದ್ರೆ, ಅಥವಾ ಒಂದಷ್ಟು ಅಲ್ಲಿ ಒಂದಷ್ಟು ಇಲ್ಲಿ ನಡೆದಿದ್ರೆ, ಆ ಊರುಗಳಲ್ಲಿ ಯಾವುದಾದರೂ ಆಗಬಹುದು. ಸೆಕ್ಷನ್ 199: ಕೃತ್ಯ ಒಂದು ಕಡೆ, ಅದರ ಪರಿಣಾಮ ಇನ್ನೊಂದು ಕಡೆ ಆದ್ರೆ ಎರಡೂ ಕಡೆ ಅಧಿಕಾರ ಇದೆ.

ಈ ಕೊನೆಯದಕ್ಕೆ ಒಂದು ಉದಾಹರಣೆ ನೋಡಿ. ಕಾಮ್ರೇಡ್ ಗೋವಿಂದ ಪಾನ್ಸರೆ ಅವರ ಮೇಲೆ ಗುಂಡು ಹಾರಿದ್ದು 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ. ನಾಲ್ಕು ದಿನದ ನಂತರ ಅವರು ತೀರಿಕೊಂಡದ್ದು ಮುಂಬೈಯ ಆಸ್ಪತ್ರೆಯಲ್ಲಿ. ಗುಂಡು ಅಲ್ಲಿ, ಸಾವು ಇಲ್ಲಿ. ಸೆಕ್ಷನ್ನಿನ ಅಕ್ಷರ ಹಿಡಿದು ನೋಡಿದ್ರೆ ಎರಡೂ ಊರಿಗೆ ಅಧಿಕಾರ. ಆದ್ರೆ ಕೇಸ್ ಕೊಲ್ಹಾಪುರದಲ್ಲೇ ನಿಂತಿತು, ಅದೇ ಸರಿ. ಯಾಕೆಂದ್ರೆ ಸಾಕ್ಷ್ಯ ಇರೋದು ಗುಂಡು ಹಾರಿದ ಬೀದಿಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಲ್ಲ.

ಇವೆಲ್ಲ ಕೋರ್ಟಿನ ವ್ಯಾಪ್ತಿಯ ಮಾತು. ಪೊಲೀಸರ ವ್ಯಾಪ್ತಿ ಇದರ ಹಿಂದೆ ನೆರಳಿನ ಹಾಗೆ ಬರುತ್ತೆ. ಸೆಕ್ಷನ್ 175ರ ಪ್ರಕಾರ, ಯಾವ ಕೋರ್ಟಿಗೆ ವಿಚಾರಣೆ ಮಾಡೋ ಅಧಿಕಾರ ಇದೆಯೋ ಅದರ ವ್ಯಾಪ್ತಿಯ ಠಾಣಾಧಿಕಾರಿ ತನಿಖೆ ಮಾಡಬಹುದು. ಅದೇ ಸೆಕ್ಷನ್ನಿನ ಎರಡನೇ ಉಪವಿಧಿ ತುಂಬಾ ಮುಖ್ಯ: ಈ ಅಧಿಕಾರಿಗೆ ವ್ಯಾಪ್ತಿ ಇರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ತನಿಖೆಯನ್ನ ಪ್ರಶ್ನೆ ಮಾಡೋ ಹಾಗಿಲ್ಲ. 1999ರ ಸತ್ವಿಂದರ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಮೊದಲು ತನಿಖೆ ಮಾಡಿ. ನಮ್ಮ ವ್ಯಾಪ್ತಿ ಅಲ್ಲ ಅಂತ ಕೊನೆಗೆ ಗೊತ್ತಾದರೆ ಸರಿಯಾದ ಜಾಗಕ್ಕೆ ಕಳಿಸಿ. ತನಿಖೆಯ ಹಂತದಲ್ಲೇ ವ್ಯಾಪ್ತಿಯ ನೆಪ ಹೇಳಿ ಅದನ್ನ ರದ್ದು ಮಾಡೋದು ತಪ್ಪು.

ಇದರ ಜೊತೆಗೆ ಜೀರೋ ಎಫ್‌ಐಆರ್. ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯವರು ದೂರು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಮುಂಚೆ ಇದು ಸುತ್ತೋಲೆಗಳಲ್ಲಿ ಇತ್ತು. ಈಗ ಸೆಕ್ಷನ್ 173ರಲ್ಲೇ ಬರೆದಿದ್ದಾರೆ. ಕೊಲೆಯಂಥ ಅಪರಾಧದ ಮಾಹಿತಿ ಬಂದ್ರೆ ಎಫ್‌ಐಆರ್ ಕಡ್ಡಾಯ ಅಂತ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿಯಾಗಿದೆ.

ಇಲ್ಲಿ ಒಂದು ಕೊರತೆ ಇದೆ. ಎರಡು ಕೋರ್ಟ್‌ಗಳು ಒಂದೇ ಕೇಸನ್ನ ಕೈಗೆತ್ತಿಕೊಂಡು ಜಗಳ ಬಂದ್ರೆ ತೀರಿಸೋಕೆ ಸೆಕ್ಷನ್ 206 ಇದೆ: ಹೈಕೋರ್ಟ್ ತೀರ್ಮಾನ ಮಾಡುತ್ತೆ. ಎರಡು ರಾಜ್ಯದ ಪೊಲೀಸರ ನಡುವೆ ಜಗಳ ಬಂದ್ರೆ? ಅಷ್ಟು ನೇರವಾದ ವಿಧಿ ಸಂಹಿತೆಯಲ್ಲಿ ಇಲ್ಲ. ಒಂದು ನಗರದೊಳಗೆ ಕಮಿಷನರ್, ಒಂದು ರಾಜ್ಯದೊಳಗೆ ಡಿಜಿಪಿ ಮತ್ತು ಗೃಹ ಇಲಾಖೆ ಹೇಳಿದ್ದು ನಡೆಯುತ್ತೆ. ರಾಜ್ಯದ ಗಡಿ ದಾಟಿದ್ರೆ ಕೋರ್ಟ್ ಮೆಟ್ಟಿಲೇ ಗತಿ.

"ಕಾಂದಿವಲಿಯಿಂದ ತಾವಡೆ"

ಈಗ ಕಾಂದಿವಲಿಗೆ ಮತ್ತೆ ಬರೋಣ, ಈ ಸಲ ಹೆಸರಿನ ಮೂಲಕ ಮಾತ್ರ. 2021ರ ಫೆಬ್ರವರಿ 25ರಂದು ಮುಕೇಶ್ ಅಂಬಾನಿಯವರ ಮನೆ ಆಂಟಿಲಿಯಾ ಹತ್ತಿರ ಜಿಲೆಟಿನ್ ಕಡ್ಡಿ ಇದ್ದ ಒಂದು ಸ್ಕಾರ್ಪಿಯೋ ಸಿಕ್ಕಿತು. ಅದು ಗಾಮ್‌ದೇವಿ ಠಾಣೆಯ ವ್ಯಾಪ್ತಿ. ಆ ಗಾಡಿ ಕಳುವಾಗಿದೆ ಅನ್ನೋ ದೂರು ಮೊದಲೇ ವಿಕ್ರೋಲಿ ಠಾಣೆಯಲ್ಲಿತ್ತು. ಗಾಡಿ ಇಟ್ಟುಕೊಂಡಿದ್ದ ಥಾಣೆಯ ವ್ಯಾಪಾರಿ ಮನ್ಸುಖ್ ಹಿರೇನ್ ಮಾರ್ಚ್ 4ರ ಸಂಜೆ ಮನೆಯಿಂದ ಹೊರಟರು. ಕಾಂದಿವಲಿಯಿಂದ ತಾವಡೆ ಅನ್ನೋ ಪೊಲೀಸ್ ಅಧಿಕಾರಿ ಕರೆದಿದ್ದಾರೆ ಅಂತ ಮನೆಯವರಿಗೆ ಹೇಳಿ ಹೋಗಿದ್ದರು. ಮಾರನೇ ದಿನ ಮುಂಬ್ರಾದ ರೇತಿ ಬಂದರ್ ಖಾರಿಯಲ್ಲಿ ಅವರ ಶವ ಸಿಕ್ಕಿತು. ಮುಂಬ್ರಾ ಸೇರೋದು ಥಾಣೆ ಕಮಿಷನರೇಟಿಗೆ.

ಲೆಕ್ಕ ಹಾಕಿ: ಗಾಡಿ ವಿಕ್ರೋಲಿಯದು, ಸ್ಫೋಟಕ ಗಾಮ್‌ದೇವಿಯದು, ಶವ ಮುಂಬ್ರಾದ್ದು, ಕರೆದವರ ಹೆಸರಲ್ಲಿ ಕಾಂದಿವಲಿ. ನಾಲ್ಕು ಊರು, ಎರಡು ಕಮಿಷನರೇಟ್. ಜೊತೆಗೆ ಪೊಲೀಸರ ಮೇಲೇ ಅನುಮಾನ.

ಮೊದಲು ಆಕಸ್ಮಿಕ ಸಾವು ಅಂತ ದಾಖಲಾಯಿತು. ಮಾರ್ಚ್ 7ಕ್ಕೆ ರಾಜ್ಯದ ಭಯೋತ್ಪಾದನಾ ನಿಗ್ರಹ ದಳ, ಎಟಿಎಸ್, ಕೊಲೆ ಪ್ರಕರಣ ದಾಖಲಿಸಿತು. ಮಾರ್ಚ್ 8ಕ್ಕೆ ಸ್ಫೋಟಕದ ಕೇಸ್ ಕೇಂದ್ರದ ಎನ್‌ಐಎಗೆ ಹೋಯಿತು. ಒಂದೇ ಕಥೆಯ ಮೊದಲರ್ಧ ಒಬ್ಬರ ಹತ್ತಿರ, ಉಳಿದರ್ಧ ಇನ್ನೊಬ್ಬರ ಹತ್ತಿರ. ಮುಂಬೈ ಪೊಲೀಸ್ ಅಧಿಕಾರಿ ಸಚಿನ್ ವಾಝೆಯನ್ನ ಎನ್‌ಐಎ ಬಂಧಿಸಿತು. ಕೊಲೆ ಕೇಸಿನಲ್ಲಿ ಎಟಿಎಸ್ ಬೇರೆ ಇಬ್ಬರನ್ನ ಬಂಧಿಸಿತು. ಕೊಲೆ ಕೇಸನ್ನೂ ಎನ್‌ಐಎಗೆ ಕೊಡಿ ಅಂತ ಕೇಂದ್ರ ಆದೇಶ ಮಾಡಿದ ಮೇಲೂ ಕಡತ ಕೈಬದಲಾಗಲಿಲ್ಲ. ಕೊನೆಗೆ ಮಾರ್ಚ್ 24ರಂದು ಥಾಣೆಯ ಕೋರ್ಟ್, ತನಿಖೆ ನಿಲ್ಲಿಸಿ ಎಲ್ಲವನ್ನೂ ಎನ್‌ಐಎಗೆ ಒಪ್ಪಿಸಿ ಅಂತ ಎಟಿಎಸ್‌ಗೆ ಹೇಳಬೇಕಾಯಿತು.

ಕಾನೂನಿನ ಬುಡ ಇಷ್ಟು: ಎನ್‌ಐಎ ಕಾಯ್ದೆಯ ಪಟ್ಟಿಯಲ್ಲಿ ಸಾದಾ ಕೊಲೆ ಇಲ್ಲ, ಸ್ಫೋಟಕದ ಅಪರಾಧ ಇದೆ. ಪಟ್ಟಿಯಲ್ಲಿರೋ ಅಪರಾಧಕ್ಕೆ ಅಂಟಿಕೊಂಡ ಬೇರೆ ಅಪರಾಧವನ್ನೂ ತನಿಖೆ ಮಾಡಬಹುದು ಅಂತ ಆ ಕಾಯ್ದೆಯ ಸೆಕ್ಷನ್ 8 ಹೇಳುತ್ತೆ. ಹೀಗೆ ಸ್ಫೋಟಕದ ಬಾಲ ಹಿಡಿದು ಕೊಲೆ ಕೇಸ್ ಹೋಯಿತು. ಆಮೇಲೆ ಎನ್‌ಐಎ, ಕ್ರೈಂ ಬ್ರಾಂಚಿನ ಕಾಂದಿವಲಿ ಯೂನಿಟ್‌ನಲ್ಲಿ ಹಿಂದೆ ಇದ್ದ ಒಬ್ಬ ಇನ್‌ಸ್ಪೆಕ್ಟರನ್ನ ಬಂಧಿಸಿ, ತಾವಡೆ ಹೆಸರಲ್ಲಿ ಕರೆದದ್ದು ಇವರೇ ಅಂತ ಆರೋಪ ಮಾಡಿತು. ಗಮನಿಸಿ, ಇದು ಆರೋಪ, ತೀರ್ಪಲ್ಲ. ಆದ್ರೆ ನಮ್ಮ ಪ್ರಶ್ನೆಗೆ ಇದರಲ್ಲಿ ಒಂದು ಉತ್ತರ ಇದೆ. ಅನುಮಾನದ ಬೆರಳು ಯಾವ ಪೊಲೀಸ್ ಪಡೆಯ ಕಡೆ ತೋರುತ್ತೋ, ವ್ಯಾಪ್ತಿ ಅವರದೇ ಆಗಿದ್ರೂ ತನಿಖೆಯ ಚುಕ್ಕಾಣಿ ಅವರ ಕೈಲಿ ಇರಬಾರದು. ಬೇಲಿಯ ಮೇಲೇ ಹೊಲ ಮೇಯ್ದ ಅನುಮಾನ ಬಂದಾಗ ಬೇಲಿಯನ್ನೇ ಕಾವಲಿಗೆ ಇಡೋಕಾಗಲ್ಲ.

ಧಾರವಾಡದಿಂದ ಪುಣೆಯವರೆಗೆ ಒಂದೇ ದಾರ

ಕನ್ನಡಿಗರಿಗೆ ಈ ಪ್ರಶ್ನೆ ಹೆಚ್ಚು ನೋವಿನಿಂದ ಬಂದದ್ದು ಎಂ.ಎಂ. ಕಲಬುರ್ಗಿ ಅವರ ಕೊಲೆಯಲ್ಲಿ. 2013ರ ಆಗಸ್ಟ್ 20, ಪುಣೆ, ನರೇಂದ್ರ ದಾಭೋಲ್ಕರ್. 2015ರ ಫೆಬ್ರವರಿ, ಕೊಲ್ಹಾಪುರ, ಪಾನ್ಸರೆ. 2015ರ ಆಗಸ್ಟ್ 30, ಧಾರವಾಡದ ಕಲ್ಯಾಣನಗರದ ಮನೆ ಬಾಗಿಲಲ್ಲಿ ಕಲಬುರ್ಗಿ. 2017ರ ಸೆಪ್ಟೆಂಬರ್ 5, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್.

ನಾಲ್ಕು ಊರು, ಎರಡು ರಾಜ್ಯ. ದಾಭೋಲ್ಕರ್ ಕೇಸನ್ನ ಬಾಂಬೆ ಹೈಕೋರ್ಟ್ 2014ರಲ್ಲಿ ಪುಣೆ ಪೊಲೀಸರಿಂದ ಸಿಬಿಐಗೆ ಕೊಟ್ಟಿತ್ತು. ಪಾನ್ಸರೆ ಕೇಸ್ ಮಹಾರಾಷ್ಟ್ರದ ಎಸ್‌ಐಟಿ ಕೈಲಿ. ಕಲಬುರ್ಗಿ ಕೇಸ್ ಕರ್ನಾಟಕದ ಸಿಐಡಿ ಕೈಲಿ. ಗೌರಿ ಕೇಸಿಗೆ ಬೇರೆಯೇ ಎಸ್‌ಐಟಿ. ಒಂದೇ ದಾರದ ನಾಲ್ಕು ತುಂಡು ನಾಲ್ಕು ಕೈಯಲ್ಲಿ. ಪ್ರತಿಯೊಬ್ಬರೂ ತಮ್ಮ ತುಂಡನ್ನ ತಿರುಗಿಸಿ ತಿರುಗಿಸಿ ನೋಡ್ತಾ ಇದ್ದರು. ಕಲಬುರ್ಗಿ ಕೊಲೆಯಾಗಿ ಮೂರು ವರ್ಷ ದಾಟಿದ್ರೂ ಆರೋಪಪಟ್ಟಿ ಇರಲಿಲ್ಲ.

ಅವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದರು. ನಾಲ್ಕೂ ಕೊಲೆಗಳ ನಡುವೆ ನಂಟು ಇದ್ರೆ ಒಂದೇ ಸಂಸ್ಥೆ ಯಾಕೆ ತನಿಖೆ ಮಾಡಬಾರದು ಅನ್ನೋ ಪ್ರಶ್ನೆ ಕೋರ್ಟಿನಲ್ಲೂ ಎದ್ದಿತು. ಸಿಬಿಐಗೆ ಕೊಡೋದಾ? ರಾಷ್ಟ್ರಮಟ್ಟದ ಸಂಸ್ಥೆ, ರಾಜ್ಯದ ಗಡಿಯ ತೊಡಕಿಲ್ಲ, ಕೇಳೋಕೆ ಅದೇ ಸಹಜ. ಆದ್ರೆ 2019ರ ಫೆಬ್ರವರಿ 26ರಂದು ಸುಪ್ರೀಂ ಕೋರ್ಟ್ ಕಲಬುರ್ಗಿ ಕೇಸನ್ನ ಗೌರಿ ಲಂಕೇಶ್ ಕೇಸಿನ ಎಸ್‌ಐಟಿಗೇ ಒಪ್ಪಿಸಿತು. ಮೇಲ್ವಿಚಾರಣೆ ಹೈಕೋರ್ಟಿನ ಧಾರವಾಡ ಪೀಠಕ್ಕೆ.

ಯಾಕೆ ಅವರಿಗೆ? ದಾರದ ತುದಿ ಸಿಕ್ಕಿದ್ದು ಅವರಿಗೆ. ಕಲಬುರ್ಗಿ ಮತ್ತು ಗೌರಿ ಇಬ್ಬರನ್ನೂ ಕೊಂದ ಗುಂಡು ಒಂದೇ 7.65 ಎಂ.ಎಂ. ನಾಡಪಿಸ್ತೂಲಿನದು ಅಂತ ವಿಧಿವಿಜ್ಞಾನ ವರದಿ ಹೇಳಿತ್ತು. ಗೌರಿ ಕೇಸಿನಲ್ಲಿ ಆ ತಂಡ ಆಗಲೇ ಹಲವರನ್ನ ಹಿಡಿದು ಆರೋಪಪಟ್ಟಿ ಹಾಕಿತ್ತು. ಹಸ್ತಾಂತರವಾಗಿ ಆರು ತಿಂಗಳಿಗೆ, 2019ರ ಆಗಸ್ಟ್‌ನಲ್ಲಿ, ಕಲಬುರ್ಗಿ ಕೇಸಿನ ಆರೋಪಪಟ್ಟಿ ಧಾರವಾಡದ ಕೋರ್ಟಿಗೆ ಬಂತು. ಮೂರೂವರೆ ವರ್ಷ ಒಂದು ಕಡೆ, ಆರು ತಿಂಗಳು ಇನ್ನೊಂದು ಕಡೆ.

"ಸಿಬಿಐಗೆ ಕೊಡಿ" ಅನ್ನೋದು ನಮ್ಮಲ್ಲಿ ಒಂದು ಘೋಷಣೆ ಆಗಿಬಿಟ್ಟಿದೆ. ಸಿಬಿಐ ಅಂದ್ರೆ ಮಂತ್ರದಂಡ ಅಲ್ಲ. ದಾಭೋಲ್ಕರ್ ಕೇಸಿನಲ್ಲಿ 2016ರ ಆರೋಪಪಟ್ಟಿಯಲ್ಲಿ ಸಿಬಿಐ ಬೇರೆ ಇಬ್ಬರನ್ನ ಗುಂಡು ಹಾರಿಸಿದವರು ಅಂತ ಹೇಳಿತ್ತು. 2018ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಎಟಿಎಸ್ ನಾಲಾಸೋಪಾರಾದಲ್ಲಿ ಶಸ್ತ್ರಾಸ್ತ್ರ ಹಿಡಿದ ಮೇಲೆ ದಿಕ್ಕು ಬದಲಾಯಿತು. 2024ರ ಮೇ 10ರಂದು ಪುಣೆಯ ವಿಶೇಷ ಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟದ್ದು ಆ ಬಳಿಕ ಸಿಕ್ಕ ಇಬ್ಬರಿಗೆ. ಉಳಿದ ಮೂವರು ಖುಲಾಸೆಯಾದರು. ಇನ್ನೊಂದು ತೊಡಕೂ ಇದೆ. ರಾಜ್ಯದ ಒಪ್ಪಿಗೆ ಇಲ್ಲದೆ ಸಿಬಿಐ ತಾನಾಗಿ ಬರೋಕಾಗಲ್ಲ. ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ ಸಾಮಾನ್ಯ ಒಪ್ಪಿಗೆಯನ್ನ ಹಿಂದಕ್ಕೆ ತಗೊಂಡಿದೆ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆದೇಶ ಕೊಟ್ರೆ ಮಾತ್ರ ಆ ಒಪ್ಪಿಗೆ ಬೇಕಾಗಿಲ್ಲ. 2010ರಲ್ಲಿ ಸಂವಿಧಾನ ಪೀಠ ಇದನ್ನ ಹೇಳಿದೆ.

ಹಾಗಾದ್ರೆ ಯಾರು ಮುಂದಾಳು?

ನಾಲ್ಕೂ ಪ್ರಕರಣ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣಿಸೋ ಕ್ರಮ ಇದು.

ಒಂದು, ಶುರು ಮಾಡಬೇಕಾದವರು ಶವ ಸಿಕ್ಕ ಠಾಣೆಯವರು. ಪಂಚನಾಮೆ, ಮರಣೋತ್ತರ ಪರೀಕ್ಷೆ, ಡಿಎನ್‌ಎ ಮಾದರಿ, ಸುತ್ತಲಿನ ಸಿಸಿಟಿವಿ, ಆ ಹೊತ್ತಿನ ಮೊಬೈಲ್ ಟವರ್ ದಾಖಲೆ: ಇವು ಮೊದಲ 48 ಗಂಟೆಯ ಕೆಲಸ. ಯಾರ ಕೇಸ್ ಅನ್ನೋ ಚರ್ಚೆ ಆಮೇಲೆ.

ಎರಡು, ಮುನ್ನಡೆಸಬೇಕಾದವರು ಸಾಕ್ಷ್ಯದ ತೂಕ ಎಲ್ಲಿದೆಯೋ ಅವರು. ಕೊಲೆ ನಡೆದ ಜಾಗ ಗೊತ್ತಾದ್ರೆ ಅಲ್ಲಿನವರು. ಸರಣಿಯ ಭಾಗ ಅಂತ ಗೊತ್ತಾದ್ರೆ ಸರಣಿಯನ್ನ ಮೊದಲು ಬಿಡಿಸಿದ ತಂಡ. ದೊಡ್ಡ ಹೆಸರಿನ ಸಂಸ್ಥೆ ಅನ್ನೋದು ಮಾನದಂಡ ಅಲ್ಲ.

ಮೂರು, ಸ್ವಂತ ಇಲಾಖೆಯವರ ಮೇಲೆ ಅನುಮಾನ ಇದ್ರೆ ಮೇಲಿನ ಎರಡೂ ಬದಿಗೆ, ಹೊರಗಿನವರು ಬರಬೇಕು.

ನಾಲ್ಕು, ಮುಂದಾಳು ಒಬ್ಬರೇ. ಉಳಿದವರು ಸಹಾಯಕರು. ಇಬ್ಬರು ಮುಂದಾಳು ಇದ್ದಾಗ ಒಬ್ಬ ಸಾಕ್ಷಿಯಿಂದ ಎರಡು ಹೇಳಿಕೆ ಹುಟ್ಟುತ್ತೆ. ಎರಡರ ನಡುವೆ ಒಂದು ಸಣ್ಣ ವ್ಯತ್ಯಾಸ ಸಾಕು, ಆರೋಪಿಯ ವಕೀಲರು ಅದೇ ಸಂದಿಯಲ್ಲಿ ಕೇಸನ್ನ ಒಡೆದುಹಾಕ್ತಾರೆ.

ಹಸ್ತಾಂತರಕ್ಕೂ ಒಂದು ಬೆಲೆ ಇದೆ ಅನ್ನೋದನ್ನ ಮರೆಯಬಾರದು. ಹೊಸ ತಂಡ ಮೊದಲ ಪುಟದಿಂದ ಓದಬೇಕು. ಊರಿನ ಓಣಿ ಗೊತ್ತಿರೋ ಕಾನ್‌ಸ್ಟೆಬಲ್‌ನ ತಿಳಿವಳಿಕೆ ಕಡತದ ಜೊತೆ ಬರೋದಿಲ್ಲ. ಅದಕ್ಕೇ ಬದಲಾವಣೆ ಒಂದೇ ಸಲ ಆಗಬೇಕು, ಬೇಗ ಆಗಬೇಕು, ಕಾರಣ ಬರೆದು ಆಗಬೇಕು.

ಮನೆಯವರಿಗೆ ಇಷ್ಟು ಗೊತ್ತಿರಲಿ

ಕೊನೆಯದಾಗಿ, ಇದು ನಮ್ಮನಿಮ್ಮಂಥವರ ಮನೆಗೇ ಬಂದ್ರೆ? ಮುಂಬೈಯಲ್ಲಿ ದುಡಿಯೋ ಮಗ, ಕಾಸರಗೋಡಿನಲ್ಲೋ ಕಲಬುರಗಿಯಲ್ಲೋ ತಂದೆ-ತಾಯಿ. ಅವರು ಮೊದಲು ಮುಂಬೈಗೇ ಓಡಬೇಕು ಅಂತಿಲ್ಲ. ಅಪರಾಧದ ಮಾಹಿತಿ ಇದ್ರೆ ಹತ್ತಿರದ ಠಾಣೆಯಲ್ಲೇ ಜೀರೋ ಎಫ್‌ಐಆರ್ ಕೊಡಬಹುದು. ಅದರ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ತಗೊಳ್ಳಿ. ಬರೆದುಕೊಳ್ಳೋಲ್ಲ ಅಂದ್ರೆ ಸೆಕ್ಷನ್ 173(4)ರ ಪ್ರಕಾರ ಎಸ್‌ಪಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ, ಆಮೇಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ತನಿಖೆ ಎಲ್ಲಿಗೆ ಬಂದಿದೆ ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಸೆಕ್ಷನ್ 193 ಹೇಳುತ್ತೆ. ಕೇಸ್ ಬೇರೆ ಠಾಣೆಗೆ ಹೋದ್ರೆ ಎರಡು ವಿಷಯ ಬರೆದಿಟ್ಟುಕೊಳ್ಳಿ: ಹೊಸ ಠಾಣೆಯ ಎಫ್‌ಐಆರ್ ಸಂಖ್ಯೆ, ತನಿಖಾಧಿಕಾರಿಯ ಹೆಸರು. ಈ ಎರಡು ಕೈಲಿ ಇದ್ರೆ "ಕಡತ ಇನ್ನೂ ಬಂದಿಲ್ಲ" ಅನ್ನೋ ಮಾತು ಹೆಚ್ಚು ದಿನ ನಡೆಯೋದಿಲ್ಲ.

ಸರಹದ್ದಿನ ಗೆರೆ ಎಳೆದದ್ದು ಆಡಳಿತದ ಅನುಕೂಲಕ್ಕೆ. ಸತ್ತವರ ಮನೆಯವರು ಆ ಗೆರೆಯ ಮೇಲೆ ನಿಂತು ಕಾಯಬೇಕಾಗಿಲ್ಲ. ಪರಿಚಯದವರಲ್ಲಿ ಯಾರಿಗಾದ್ರೂ ಇದು ಬೇಕಾಗಬಹುದು ಅನ್ನಿಸಿದ್ರೆ ದಯವಿಟ್ಟು ತಿಳಿಸಿ.